ವಿಡಾಲ್ ರಿಪೋರ್ಟಿನ ‘ಎಚ್’ ಅಕ್ಷರದ ಹಿಂದೆ: ಬ್ಯಾಕ್ಟೀರಿಯಾ ಬಾಲ ಕಟ್ಟುವ, ಬಿಡುವ ಲೆಕ್ಕ

ನಾಲ್ಕು ದಿನವಾದರೂ ಜ್ವರ ಬಿಡದಿದ್ದರೆ ನಮ್ಮಲ್ಲಿ ಬರೆದುಕೊಡುವ ಮೊದಲ ರಕ್ತಪರೀಕ್ಷೆಗಳಲ್ಲಿ ವಿಡಾಲ್ ಒಂದು. ರಿಪೋರ್ಟಿನಲ್ಲಿ ‘ಟೈಫಿ ಒ’, ‘ಟೈಫಿ ಎಚ್’ ಎಂದು ಎರಡು ಸಾಲು, ಎದುರಿಗೆ 1:80, 1:160 ಎಂಬಂಥ ಅಂಕಿ. ಬ್ಯಾಕ್ಟೀರಿಯಾದ ಆಯಾ ಭಾಗದ ವಿರುದ್ಧ ದೇಹ ಮಾಡಿಕೊಂಡ ಪ್ರತಿಕಾಯ, ರಕ್ತದ ಸೀರಮನ್ನು ಎಷ್ಟು ಪಟ್ಟು ತೆಳುಮಾಡುವ ತನಕ ಕಾಣುತ್ತದೆ ಎಂಬುದರ ಅಳತೆ ಅದು. ಒ ಎಂದರೆ ಟೈಫಾಯ್ಡ್ ಬ್ಯಾಕ್ಟೀರಿಯಾದ ಹೊರಮೈಯಲ್ಲಿರುವ ಸಕ್ಕರೆ ಸರಪಳಿ. ಎಚ್ ಎಂದರೆ ಅದರ ಬಾಲ, ಪಠ್ಯಪುಸ್ತಕದ ಮಾತಿನಲ್ಲಿ ಕಶಾಂಗ. ಮೊದಲ ಮಹಾಯುದ್ಧದ ಹೊತ್ತಿನಲ್ಲಿ ವೈಲ್ ಮತ್ತು ಫೆಲಿಕ್ಸ್ ಎಂಬಿಬ್ಬರು ಪ್ರೋಟಿಯಸ್ ಎಂಬ ಬ್ಯಾಕ್ಟೀರಿಯಾವನ್ನು ಬೆಳೆಸುತ್ತಿದ್ದರು. ಬಾಲವಿದ್ದ ತಳಿ ತಟ್ಟೆಯ ತುಂಬ ತೆಳ್ಳಗೆ ಹರಡಿ, ಕನ್ನಡಿಯ ಮೇಲೆ ಬಿಟ್ಟ ಉಸಿರಿನ ಮಂಜಿನಂತೆ ಕಾಣುತ್ತಿತ್ತು. ಜರ್ಮನ್ ಭಾಷೆಯಲ್ಲಿ ಉಸಿರಿಗೆ ‘ಹೌಖ್’ ಎನ್ನುತ್ತಾರೆ, ಎಚ್ ಬಂದದ್ದು ಅಲ್ಲಿಂದ. ಹಾಗೆ ಹರಡದ ತಳಿ ‘ಓನೆ ಹೌಖ್’, ಉಸಿರಿಲ್ಲದ್ದು. ಅದೇ ಒ.

ಅಂದರೆ ಒಂದೇ ಜಾತಿಯ ಬ್ಯಾಕ್ಟೀರಿಯಾಕ್ಕೆ ಬಾಲ ಇರಬಹುದು, ಇಲ್ಲದಿರಬಹುದು. ಬಾಲ ಕಟ್ಟುವ ಜೀನ್‌ಗಳೆಲ್ಲ ಸರಿಯಾಗಿದ್ದರೂ ಒಂದು ಹೊತ್ತಿನಲ್ಲಿ ಅವು ಕೆಲಸ ಮಾಡುತ್ತವೆ, ಇನ್ನೊಂದು ಹೊತ್ತಿನಲ್ಲಿ ಸುಮ್ಮನಿರುತ್ತವೆ. ಇದನ್ನು ತೀರ್ಮಾನಿಸುವುದು ಯಾರು, ಆ ತೀರ್ಮಾನ ಜಾರಿಯಾಗಲು ಎಷ್ಟು ಹೊತ್ತು ಬೇಕು ಎಂಬುದು ಗೊತ್ತಿಲ್ಲದೆ ಬಾಲಕ್ಕೆ ಸಂಬಂಧಿಸಿದ ಯಾವ ಪರೀಕ್ಷೆಯ ಫಲಿತಾಂಶವನ್ನೂ ಸರಿಯಾಗಿ ಓದಲಾಗದು.

ಮೊದಲು ಖರ್ಚಿನ ಲೆಕ್ಕ. ಕರುಳಿನಲ್ಲಿ ವಾಸಿಸುವ ಇ. ಕೋಲೈ ಬ್ಯಾಕ್ಟೀರಿಯಾದ ಒಂದು ಬಾಲ ಸುಮಾರು 10 ಮೈಕ್ರೊಮೀಟರ್ ಉದ್ದ, ಅಂದರೆ ಅದರ ಮೈಯ ಐದರಷ್ಟು. ದಪ್ಪ 20 ನ್ಯಾನೊಮೀಟರ್. ಫ್ಲಾಜೆಲಿನ್ ಎಂಬ ಒಂದೇ ಬಗೆಯ ಪ್ರೋಟೀನಿನ ಸುಮಾರು 20,000 ಇಟ್ಟಿಗೆಗಳನ್ನು ಜೋಡಿಸಿ ಅದನ್ನು ಕಟ್ಟಲಾಗಿರುತ್ತದೆ. ಪ್ರಯೋಗಾಲಯದ ಕೆ-12 ತಳಿಯಲ್ಲಿ ಒಂದು ಇಟ್ಟಿಗೆಗೆ 498 ಅಮೈನೊ ಆಮ್ಲ. ಗುಣಿಸಿದರೆ ಒಂದು ಬಾಲಕ್ಕೆ ಹತ್ತಿರಹತ್ತಿರ ಒಂದು ಕೋಟಿ. ಪ್ರತಿಯೊಂದನ್ನು ಪೋಣಿಸಲು ನಾಲ್ಕು ಎಟಿಪಿಯಂತೆ (ಕೋಶದ ಶಕ್ತಿಯ ನಾಣ್ಯ ಇದು) ಹಿಡಿದರೂ ನಾಲ್ಕು ಕೋಟಿ ಎಟಿಪಿ. ಒಂದು ಕೋಶಕ್ಕೆ ಇಂಥ ನಾಲ್ಕೈದು ಬಾಲ. ಕೋಶದ ಒಟ್ಟು ಪ್ರೋಟೀನಿನಲ್ಲಿ ನೂರಕ್ಕೆ ಕೆಲವು ಪಾಲು ಬರೀ ಬಾಲಕ್ಕೆ ಹೋಗುತ್ತದೆ. ಇಷ್ಟು ಸುರಿದು ಕಟ್ಟುವುದಾದರೆ ಅದಕ್ಕೊಂದು ಕಟ್ಟುನಿಟ್ಟಾದ ಕ್ರಮ ಇರಲೇಬೇಕು.

ಇ. ಕೋಲೈ ಮತ್ತು ಸಾಲ್ಮೊನೆಲ್ಲಾದಲ್ಲಿ (ಟೈಫಾಯ್ಡಿನ ಬ್ಯಾಕ್ಟೀರಿಯಾ ಟೈಫಿಯೂ ಒಂದು ಸಾಲ್ಮೊನೆಲ್ಲಾ) ಈ ಕೆಲಸಕ್ಕೆ 50ಕ್ಕೂ ಹೆಚ್ಚು ಜೀನ್‌ಗಳಿವೆ. ಅವು ಮೂರು ಮೆಟ್ಟಿಲಲ್ಲಿ ನಿಂತಿವೆ. ಮೇಲಿನ ಮೆಟ್ಟಿಲಲ್ಲಿ ಎಫ್‌ಎಲ್‌ಎಚ್-ಡಿ ಮತ್ತು ಎಫ್‌ಎಲ್‌ಎಚ್-ಸಿ ಎಂಬ ಜೋಡಿ ಮಾತ್ರ. ನಾಲ್ಕು ಡಿ, ಎರಡು ಸಿ ಸೇರಿ ಒಂದು ಸಂಕೀರ್ಣವಾಗುತ್ತದೆ. ಮನೆ ಕಟ್ಟುವ ಕಡೆ ಮೇಸ್ತ್ರಿ ಇದ್ದ ಹಾಗೆ ಇದು. ಈ ಮೇಸ್ತ್ರಿ ಇಟ್ಟಿಗೆ ಹೊರುವುದಿಲ್ಲ, ಎರಡನೆಯ ಮೆಟ್ಟಿಲಿನ ಜೀನ್‌ಗಳ ಮುಂದೆ ಹೋಗಿ ಕೂತು, ಅಲ್ಲಿಗೆ ಸಿಗ್ಮಾ-70 ಎಂಬ ಕೀಲಿ ಹಿಡಿದ, ಜೀನ್ ಓದಿ ಅದರ ಪ್ರತಿ ಮಾಡುವ ಆರ್‌ಎನ್‌ಎ ಪಾಲಿಮರೇಸ್ ಅನ್ನು ಕರೆತರುತ್ತದೆ. ಎರಡನೆಯ ಮೆಟ್ಟಿಲಿನಿಂದ ಬರುವುದು ಬುಡದ ಭಾಗಗಳು: ಕೋಶದ ಪೊರೆಯಲ್ಲಿ ಕೂರುವ ಉಂಗುರಗಳು, ನಡುವಿನ ದಂಡ, ಕೊಕ್ಕೆಯಂಥ ಬಾಗಿದ ತುಂಡು, ಇವೆಲ್ಲವನ್ನೂ ಹೊರಗೆ ಸಾಗಿಸುವ ರಫ್ತು ಯಂತ್ರ. ಮೂರನೆಯ ಮೆಟ್ಟಿಲಿನಲ್ಲಿ ದುಬಾರಿ ಸಾಮಾನು: ಫ್ಲಾಜೆಲಿನ್ ಇಟ್ಟಿಗೆ, ಮೋಟಾರು ತಿರುಗಿಸುವ ಮೋಟ್-ಎ ಮತ್ತು ಮೋಟ್-ಬಿ, ದಿಕ್ಕು ನೋಡುವ ಚೆ ಪ್ರೋಟೀನುಗಳು.

ಎರಡನೆಯ ಮೆಟ್ಟಿಲಿನಿಂದ ಮೂರನೆಯದಕ್ಕೆ ದಾಟುವ ಜಾಗವೇ ಈ ಇಡೀ ವ್ಯವಸ್ಥೆಯ ಅತ್ಯಂತ ಜಾಣ ಭಾಗ ಎಂಬುದು ನಮ್ಮ ಅಭಿಪ್ರಾಯ. ಮೂರನೆಯ ಮೆಟ್ಟಿಲಿನ ಜೀನ್‌ಗಳು ತೆರೆಯಬೇಕಾದರೆ ಸಿಗ್ಮಾ-28 ಎಂಬ ಬೇರೆ ಕೀಲಿ ಬೇಕು. ಇದನ್ನು ಫ್ಲಿ-ಎ ಎಂದೂ ಕರೆಯುತ್ತಾರೆ. ಈ ಕೀಲಿ ಎರಡನೆಯ ಮೆಟ್ಟಿಲಿನಲ್ಲೇ ತಯಾರಾಗಿರುತ್ತದೆ. ಆದರೆ ಅದರ ಜೊತೆಗೇ ಎಫ್‌ಎಲ್‌ಜಿ-ಎಂ ಎಂಬ ಪುಟ್ಟ ಪ್ರೋಟೀನೂ ತಯಾರಾಗಿ, ಕೀಲಿಯನ್ನು ತಬ್ಬಿ ಹಿಡಿದು ಅಲ್ಲಾಡಲು ಬಿಡುವುದಿಲ್ಲ. ಸಾಲ್ಮೊನೆಲ್ಲಾದಲ್ಲಿ ಅದರ ಉದ್ದ ಬರೀ 97 ಅಮೈನೊ ಆಮ್ಲ.

ಇತ್ತ ಬುಡದ ಕೆಲಸ ನಡೆಯುತ್ತಲೇ ಇರುತ್ತದೆ. ಉಂಗುರ, ದಂಡ, ಆಮೇಲೆ ಕೊಕ್ಕೆ. ಕೊಕ್ಕೆ ಎಷ್ಟುದ್ದ ಬೆಳೆಯಿತು ಎಂದು ಫ್ಲಿ-ಕೆ ಎಂಬ ಪ್ರೋಟೀನು ಅಳೆಯುತ್ತದೆ. ಅಳತೆಪಟ್ಟಿಯ ಹಾಗೆ ಒಂದು ತುದಿ ಹೊರಗೆ, ಇನ್ನೊಂದು ತುದಿ ಒಳಗೆ. ಸುಮಾರು 55 ನ್ಯಾನೊಮೀಟರ್ ಆದಾಗ ಅದರ ಒಳತುದಿ ರಫ್ತು ಯಂತ್ರದ ಎಫ್‌ಎಲ್‌ಎಚ್-ಬಿ ಎಂಬ ಭಾಗವನ್ನು ಮುಟ್ಟುತ್ತದೆ. ಆ ಕ್ಷಣದಿಂದ ಯಂತ್ರ ಕೊಕ್ಕೆಯ ಸಾಮಾನು ಸಾಗಿಸುವುದನ್ನು ಬಿಟ್ಟು ಬಾಲದ ಸಾಮಾನನ್ನು ಹೊರಹಾಕಲು ತೊಡಗುತ್ತದೆ. ಮೊದಲಿಗೆ ಹೊರಹೋಗುವವುಗಳಲ್ಲಿ ಎಫ್‌ಎಲ್‌ಜಿ-ಎಂ ಇದೆ. ದ್ರವದಲ್ಲಿ ಗಟ್ಟಿಯಾಗಿ ಮಡಚಿಕೊಳ್ಳದೆ ದಾರದಂತೆ ಸಡಿಲವಾಗಿರುವ ಪ್ರೋಟೀನು ಅದು. ಹಾಗಾಗಿ ಕೇವಲ 2 ನ್ಯಾನೊಮೀಟರ್ ಅಗಲದ ನಾಳದಲ್ಲಿ ನುಸುಳಿ ಹೊರಗಿನ ನೀರಿಗೆ ಬೀಳುತ್ತದೆ. ಸೆರೆಯಲ್ಲಿದ್ದ ಸಿಗ್ಮಾ-28ಗೆ ಬಿಡುಗಡೆ. ಇನ್ನೊಂದು ವಿಷಯ: ಎಫ್‌ಎಲ್‌ಜಿ-ಎಂ ಎಂಬ ಆ ಕಾವಲುಗಾರನನ್ನು ರಫ್ತು ಯಂತ್ರದ ಬಾಗಿಲವರೆಗೆ ಕರೆದೊಯ್ಯುವುದೂ ಆ ಸಿಗ್ಮಾ-28ಯೇ. ಬುಡ ಮುಗಿಯುವ ತನಕ ಒಂದೇ ಒಂದು ಇಟ್ಟಿಗೆಗೂ ದುಡ್ಡು ಬಿಚ್ಚದ ಈ ಏರ್ಪಾಟನ್ನು 1993ರಲ್ಲಿ ಕೆಲ್ಲಿ ಹ್ಯೂಸ್ ಮತ್ತು ಸಂಗಡಿಗರು ಸಾಲ್ಮೊನೆಲ್ಲಾದಲ್ಲಿ ತೋರಿಸಿಕೊಟ್ಟರು. ಕಟ್ಟಡ ಎಲ್ಲಿಗೆ ಬಂದಿದೆ ಎಂಬುದನ್ನು ಜೀನ್ ತಿಳಿಯುವುದು ಕಟ್ಟಡದ ಒಳಗಿನ ಓಣಿಯಿಂದಲೇ.

ಕೆಲಸ ಕೆಟ್ಟಾಗ ಎಲ್ಲಿ ಕೆಟ್ಟಿತು ಎಂದು ಕಂಡುಹಿಡಿಯುವ ದಾರಿಯೂ ಇದರಿಂದಲೇ ಸಿಗುತ್ತದೆ. ಈಜದ ಒಂದು ತಳಿಯಲ್ಲಿ ಎಫ್‌ಎಲ್‌ಎಚ್-ಡಿ, ಫ್ಲಿ-ಎ, ಫ್ಲಿ-ಸಿ ಎಂಬ ಮೂರು ಜೀನ್‌ಗಳ ಆರ್‌ಎನ್‌ಎ ಅಳೆಯಿರಿ. ಫ್ಲಿ-ಸಿ ಎಂದರೆ ಫ್ಲಾಜೆಲಿನ್‌ನ ಜೀನ್. ಮೂರೂ ಇಲ್ಲದಿದ್ದರೆ ಮೇಸ್ತ್ರಿಯೇ ಬಂದಿಲ್ಲ. ಮೊದಲೆರಡು ಇದ್ದು ಫ್ಲಿ-ಸಿ ಮಾತ್ರ ಇಲ್ಲವಾದರೆ ಬುಡ ಅಥವಾ ಕೊಕ್ಕೆ ಅರ್ಧಕ್ಕೆ ನಿಂತು ಎಫ್‌ಎಲ್‌ಜಿ-ಎಂ ಒಳಗೇ ಉಳಿದಿದೆ ಎಂದು ಮೊದಲು ಅನುಮಾನಿಸಬೇಕು. ಅದನ್ನು ಖಚಿತಪಡಿಸಿಕೊಳ್ಳಲು ಅದೇ ತಳಿಯಿಂದ ಎಫ್‌ಎಲ್‌ಜಿ-ಎಂ ತೆಗೆದುಹಾಕಿ. ಫ್ಲಿ-ಸಿ ಮತ್ತೆ ಓಡಲಾರಂಭಿಸಿದರೆ ಅನುಮಾನ ನಿಜ, ಬಾಲ ಮಾತ್ರ ಆಗಲೂ ಬರುವುದಿಲ್ಲ. ಮೂರೂ ಆರ್‌ಎನ್‌ಎ ಚೆನ್ನಾಗಿದ್ದು ಬಾಲ ಕಾಣದಿದ್ದರೆ ಬೆಳೆಸಿದ ದ್ರವದಲ್ಲಿ ಬಿಡಿ ಫ್ಲಾಜೆಲಿನ್ ಇದೆಯೇ ನೋಡಬೇಕು. ಬಾಲದ ತುದಿಗೆ ಟೋಪಿಯಾಗಿ ಕೂರುವ ಫ್ಲಿ-ಡಿ ಇಲ್ಲದಿದ್ದರೆ ಇಟ್ಟಿಗೆಗಳು ಜೋಡಣೆಯಾಗದೆ ಹೊರಗೆ ಸೋರಿಹೋಗುತ್ತವೆ.

ಮೇಸ್ತ್ರಿಯನ್ನು ಕರೆಯುವವರು, ತಡೆಯುವವರು ಒಬ್ಬಿಬ್ಬರಲ್ಲ. ಎಫ್‌ಎಲ್‌ಎಚ್-ಡಿಸಿ ಜೀನಿನ ಮುಂಭಾಗ ಊರ ಬಾವಿಕಟ್ಟೆಯಂತೆ, ಎಲ್ಲ ಸುದ್ದಿಯೂ ಅಲ್ಲಿಗೇ ಬರುತ್ತದೆ. ಗ್ಲುಕೋಸ್ ಸಮೃದ್ಧವಾಗಿದ್ದರೆ ಇ. ಕೋಲೈಯಲ್ಲಿ ಸೈಕ್ಲಿಕ್ ಎಎಂಪಿ ಎಂಬ ಸುದ್ದಿ ಸಾಗಿಸುವ ಅಣು ಇಳಿಯುತ್ತದೆ, ಅದರೊಂದಿಗೆ ಬಾಲದ ಜೀನೂ ಮಂಕಾಗುತ್ತದೆ. ತಾಪಮಾನ 37 ಡಿಗ್ರಿ ಮುಟ್ಟಿದರೆ ಬಾಲ ಕಡಿಮೆ, 42ರಲ್ಲಿ ಬಹುತೇಕ ಇಲ್ಲ. ಆದ್ದರಿಂದಲೇ ಈಜಿನ ಪ್ರಯೋಗಗಳನ್ನು 30 ಡಿಗ್ರಿಯಲ್ಲಿ ಮಾಡುವುದು ರೂಢಿ. ಕೋಶದ ಹೊರಮೈಗೆ ಪೆಟ್ಟು ಬಿದ್ದರೆ ಆರ್‌ಸಿಎಸ್-ಬಿ ಬಂದು ಜೀನನ್ನು ಅದುಮುತ್ತದೆ. ಜೀನ್ ತೆರೆದು ಆರ್‌ಎನ್‌ಎ ಬಂದ ಮೇಲೂ ತಕರಾರು ಮುಗಿಯುವುದಿಲ್ಲ. ಸಿಎಸ್‌ಆರ್-ಎ ಎಂಬ ಪ್ರೋಟೀನು ಆ ಆರ್‌ಎನ್‌ಎಯ ತಲೆಗೆ ಅಂಟಿಕೊಂಡು ಅದು ಕತ್ತರಿಸಿಹೋಗದಂತೆ ಕಾಯುತ್ತದೆ, ಹಲವು ಪುಟ್ಟ ಆರ್‌ಎನ್‌ಎಗಳು ಬಂದು ಅದನ್ನು ಮುಚ್ಚುತ್ತವೆ. ಪ್ರೋಟೀನು ತಯಾರಾದರೂ ಕ್ಲಿಪ್-ಎಕ್ಸ್‌ಪಿ ಎಂಬ ಯಂತ್ರ ಅದನ್ನು ಚೂರು ಮಾಡುತ್ತಿರುತ್ತದೆ. ಪ್ರೋಟಿಯಸ್‌ನಲ್ಲಿ ಅಳೆದಾಗ ಈ ಮೇಸ್ತ್ರಿಯ ಅರ್ಧಾಯುಷ್ಯ ಸುಮಾರು ಎರಡೇ ನಿಮಿಷ. ಕರೆ ನಿಂತ ಕೂಡಲೇ ಮೇಸ್ತ್ರಿ ಇಲ್ಲವಾಗುತ್ತಾನೆ.

ಇ. ಕೋಲೈಯಲ್ಲಿ ಕಂಡದ್ದನ್ನು ಅದರ ಹತ್ತಿರದ ನೆಂಟ ಸಾಲ್ಮೊನೆಲ್ಲಾಕ್ಕೆ ಹಾಗೆಯೇ ಅನ್ವಯಿಸುವುದು ತಪ್ಪು. ಆಹಾರ ಕಡಿಮೆಯಾದಾಗ ಇ. ಕೋಲೈ ಹುಡುಕಿಕೊಂಡು ಹೊರಡಲು ಬಾಲ ಕಟ್ಟುತ್ತದೆ. ಸಾಲ್ಮೊನೆಲ್ಲಾ ಇದಕ್ಕೆ ತಿರುವುಮುರುವು, ಆಹಾರ ಚೆನ್ನಾಗಿದ್ದಾಗಲೇ ಹೆಚ್ಚು ಬಾಲ. ಬಡ ಮಾಧ್ಯಮದಲ್ಲಿ ವೈಡಿಐ-ವಿ ಎಂಬ ಪ್ರೋಟೀನು ಹೆಚ್ಚಾಗಿ, ಮೇಸ್ತ್ರಿಯನ್ನು ನೇರವಾಗಿ ಹಿಡಿದು ಕೆಲಸ ಕೆಡಿಸುತ್ತದೆ. ಇನ್ನು ಆಹಾರದ ಮೂಲಕ ರೋಗ ತರುವ ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ 30 ಡಿಗ್ರಿ ಮತ್ತು ಅದಕ್ಕಿಂತ ತಂಪಿನಲ್ಲಿ ಬಾಲ ಕಟ್ಟಿ, 37ರಲ್ಲಿ ಮಾಗ್-ಆರ್ ಎಂಬ ಪ್ರೋಟೀನಿನಿಂದ ಜೀನ್‌ಗಳನ್ನು ಮುಚ್ಚುತ್ತದೆ. ಆಸ್ಪತ್ರೆಯ ಲ್ಯಾಬಿನಲ್ಲಿ ಲಿಸ್ಟೀರಿಯಾ ಗುರುತಿಸಲು ಅರೆಗಟ್ಟಿ ಅಗರ್ ಕೊಳವೆಯನ್ನು 25 ಡಿಗ್ರಿಯಲ್ಲಿಟ್ಟು, ಮೇಲ್ಭಾಗದಲ್ಲಿ ಕೊಡೆ ಬಿಚ್ಚಿದಂಥ ಬೆಳವಣಿಗೆ ಹುಡುಕುವುದು ಇದಕ್ಕೇ. ಕೊಳವೆಯನ್ನು ರೂಢಿಯಂತೆ 37ರ ಇನ್‌ಕ್ಯುಬೇಟರ್‌ಗೆ ಹಾಕಿದರೆ ಕೊಡೆ ಬಿಚ್ಚದು, ಗುರುತೂ ತಪ್ಪುತ್ತದೆ.

ಇದುವರೆಗಿನದು ಶುರುಮಾಡುವ ಕಥೆ. ನಿಲ್ಲಿಸುವ ಕಥೆ ಬೇರೆಯೇ, ಅದನ್ನು ಜನ ಸಾಮಾನ್ಯವಾಗಿ ಮರೆಯುತ್ತಾರೆ. ಹೊಸದಾಗಿ ಹುಟ್ಟಿದ ಬಾಲ ನಿಮಿಷಕ್ಕೆ ಸುಮಾರು 100 ನ್ಯಾನೊಮೀಟರ್ ಬೆಳೆಯುತ್ತದೆ, ಉದ್ದವಾದಂತೆ ಇನ್ನೂ ನಿಧಾನ. 10 ಮೈಕ್ರೊಮೀಟರ್ ಆಗಲು ನೂರು ನಿಮಿಷಕ್ಕೂ ಹೆಚ್ಚು ಬೇಕಾಯಿತು. ಒಳ್ಳೆಯ ಮಾಧ್ಯಮದಲ್ಲಿ ಕೋಶ 20–30 ನಿಮಿಷಕ್ಕೊಮ್ಮೆ ಎರಡಾಗುತ್ತದೆ. ಅಜ್ಜಿ ಶುರುಮಾಡಿದ ಬಾಲ ಮೊಮ್ಮಕ್ಕಳ ಕಾಲಕ್ಕೆ ಪೂರ್ತಿಯಾಗುತ್ತದೆ! ಹಾಗೆಯೇ ಇಂದು ಜೀನ್ ಮುಚ್ಚಿದರೂ ಇರುವ ಬಾಲ ಉದುರುವುದಿಲ್ಲ. ಕೋಶ ಒಡೆದಾಗ ನಾಲ್ಕು ಬಾಲ ಎರಡೆರಡಾಗಿ, ಆಮೇಲೆ ಒಂದೊಂದಾಗಿ ಹಂಚಿಹೋಗಿ, ಎರಡು ಮೂರು ತಲೆಮಾರಿನ ಮೇಲಷ್ಟೇ ಬಾಲವಿಲ್ಲದ ಕೋಶಗಳು ಕಾಣಿಸುತ್ತವೆ.

ಅಷ್ಟು ಹೊತ್ತು ಕಾಯಲಾಗದ ಸಂದರ್ಭಕ್ಕೆ ಬ್ರೇಕ್ ಇದೆ. ಮೇಲ್ಮೈಗೆ ಅಂಟಿ ಬಯೋಫಿಲ್ಮ್ (ಬ್ಯಾಕ್ಟೀರಿಯಾಗಳ ಅಂಟಿನ ಪದರ) ಕಟ್ಟುವ ಹೊತ್ತು ಬಂದಾಗ ಕೋಶದಲ್ಲಿ ಸೈಕ್ಲಿಕ್ ಡೈ-ಜಿಎಂಪಿ ಎಂಬ ಇನ್ನೊಂದು ಸುದ್ದಿ ಅಣು ಏರುತ್ತದೆ. ಅದನ್ನು ಹಿಡಿದ ವೈಸಿಜಿ-ಆರ್ ಎಂಬ ಪ್ರೋಟೀನು ಮೋಟಾರಿನ ಮೇಲೆ ಕೂತು ವೇಗ ತಗ್ಗಿಸುತ್ತದೆ. ಬ್ಯಾಸಿಲಸ್ ಸಬ್ಟಿಲಿಸ್‌ನಲ್ಲಿ (ಮಣ್ಣಿನ ಬ್ಯಾಕ್ಟೀರಿಯಾ ಇದು) ಎಪ್ಸ್-ಇ ಎಂಬ ಪ್ರೋಟೀನು ಕ್ಲಚ್ ಒತ್ತಿದಂತೆ ಮೋಟಾರಿನಿಂದ ಬಾಲವನ್ನು ಬಿಡಿಸಿಬಿಡುತ್ತದೆ. ಇನ್ನು ಸ್ಟಿಯರಿಂಗ್: ಚೆ-ವೈಗೆ ಫಾಸ್ಫೇಟ್ ಅಂಟಿದರೆ ಮೋಟಾರು ದಿಕ್ಕು ಬದಲಿಸಿ ಕೋಶ ಹೊರಳಾಡುತ್ತದೆ. ಸುಮಾರು ಒಂದು ಸೆಕೆಂಡ್ ನೇರ ಓಟ, ಸೆಕೆಂಡಿನ ಹತ್ತನೇ ಒಂದು ಭಾಗ ಹೊರಳಾಟ. ಸ್ಟಿಯರಿಂಗ್‌ಗೂ ಬ್ರೇಕಿಗೂ ಜೀನ್ ತೆರೆಯುವ, ಮುಚ್ಚುವ ಅಗತ್ಯವೇ ಇಲ್ಲ. ಹೀಗೆ ಮೂರು ಗಡಿಯಾರಗಳು ಒಟ್ಟಿಗೆ ಓಡುತ್ತಿರುತ್ತವೆ. ‘ಈಜುತ್ತಿಲ್ಲ’ ಎಂದು ಕಂಡ ಮಾತ್ರಕ್ಕೆ ಜೀನ್ ಮುಚ್ಚಿದೆ ಎಂದು ಬರೆದುಬಿಡುವುದು ಈ ಕ್ಷೇತ್ರದಲ್ಲಿ ಮತ್ತೆ ಮತ್ತೆ ಆಗುವ ತಪ್ಪು.

ಒಂದೇ ತಟ್ಟೆಯ ಕೋಶಗಳೆಲ್ಲ ಒಂದೇ ತೀರ್ಮಾನ ಮಾಡುತ್ತವೆ ಎಂದೂ ಅಲ್ಲ. ಬ್ಯಾಸಿಲಸ್ ಸಬ್ಟಿಲಿಸ್ ಚೆನ್ನಾಗಿ ಬೆಳೆಯುತ್ತಿರುವಾಗ ಕೆಲವು ಕೋಶಗಳು ಒಂಟಿಯಾಗಿ ಈಜುತ್ತಿರುತ್ತವೆ, ಪಕ್ಕದವು ಬಾಲವಿಲ್ಲದೆ ಸರಪಳಿಯಾಗಿ ಬಿದ್ದಿರುತ್ತವೆ. ಡಿಎನ್‌ಎ ಎರಡರಲ್ಲೂ ಒಂದೇ. ಅಲ್ಲಿ ಬಾಲದ ಜೀನ್‌ಗಳ ಬಹುಪಾಲು 27 ಸಾವಿರ ಡಿಎನ್‌ಎ ಅಕ್ಷರದ ಒಂದೇ ಉದ್ದ ಸಾಲಿನಲ್ಲಿದ್ದು, ಸಿಗ್ಮಾ-ಡಿ ಎಂಬ ಕೀಲಿಯ ಜೀನ್ ಸಾಲಿನ ಬಾಲಂಗೋಚಿಯಲ್ಲಿದೆ. ಸಾಲು ಉದ್ದವಾದಂತೆ ಆರ್‌ಎನ್‌ಎ ಕೊನೆಯವರೆಗೆ ಮುಟ್ಟುವುದು ಕಡಿಮೆ. ಆ ಜೀನನ್ನು ಕಿತ್ತು ಮುಂದಕ್ಕೆ ತಂದಿಟ್ಟಾಗ ಈಜುವ ಕೋಶಗಳ ಪಾಲು ಹೆಚ್ಚಾಯಿತು. ಜೀನ್ ಎಲ್ಲಿ ಕೂತಿದೆ ಎಂಬುದೇ ಇಲ್ಲಿ ನಿಯಂತ್ರಣ. ಇ. ಕೋಲೈಯಲ್ಲೂ ಒಂದೊಂದೇ ಕೋಶವನ್ನು ಹಲವು ತಲೆಮಾರು ಹಿಂಬಾಲಿಸಿದಾಗ, ಸುತ್ತಲಿನ ಸ್ಥಿತಿ ಬದಲಾಗದಿದ್ದರೂ ಬಾಲದ ಜೀನ್‌ಗಳು ಬಿಟ್ಟು ಬಿಟ್ಟು ಬಡಿಯುತ್ತವೆ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ತಟ್ಟೆಯ ಸರಾಸರಿಯಲ್ಲಿ ಇದು ಕಾಣುವುದೇ ಇಲ್ಲ.

ಲ್ಯಾಬಿನಲ್ಲಿ ಇದನ್ನೆಲ್ಲ ನೋಡುವ ಅತ್ಯಂತ ಅಗ್ಗದ ದಾರಿ ಮೆತ್ತನೆಯ ಅಗರ್ ತಟ್ಟೆ. ಒಂದು ಲೀಟರ್ ನೀರಿಗೆ 10 ಗ್ರಾಂ ಟ್ರಿಪ್ಟೋನ್, 5 ಗ್ರಾಂ ಉಪ್ಪು, 2.5ರಿಂದ 3 ಗ್ರಾಂ ಅಗರ್. ಆಟೋಕ್ಲೇವ್ ಮಾಡಿ, 50 ಡಿಗ್ರಿ ಆಸುಪಾಸಿಗೆ ಆರಿಸಿ, 90 ಮಿಲಿಮೀಟರಿನ ತಟ್ಟೆಗೆ ಅಳೆದು 25 ಮಿಲಿಲೀಟರ್ ಹುಯ್ಯಬೇಕು. ಎಲ್ಲ ತಟ್ಟೆಗೂ ಅದೇ ಅಳತೆ, ಅದೇ ಹೊತ್ತು ಆರಿಸುವುದು. ಒಂದು ತಟ್ಟೆ ಅರ್ಧ ಗಂಟೆ ಹೆಚ್ಚು ಒಣಗಿದರೂ, ಈಜುತ್ತ ಹರಡಿದ ಬ್ಯಾಕ್ಟೀರಿಯಾ ಮೂಡಿಸುವ ಉಂಗುರ ಚಿಕ್ಕದಾಗುತ್ತದೆ. ಹೆಪ್ಪುಗಟ್ಟಿದ ಮೇಲೂ ಅದು ಗಟ್ಟಿ ಮೊಸರಿನ ಹಾಗೆ ನಡುಗುತ್ತಿರುತ್ತದೆ, ತಲೆಕೆಳಗು ಮಾಡುವಂತಿಲ್ಲ. ಎಲ್ಲ ತಳಿಗಳ ದಟ್ಟಣೆ ಸಮ ಮಾಡಿಕೊಂಡು 1–2 ಮೈಕ್ರೊಲೀಟರ್ ಅನ್ನು ಅಗರಿನ ಒಳಗೆ ಚುಚ್ಚಬೇಕು. ಮೇಲೆ ಚೆಲ್ಲಿದರೆ ಬ್ಯಾಕ್ಟೀರಿಯಾ ಮೇಲಿನ ತೇವದಲ್ಲಿ ಹರಡಿ ಸುಳ್ಳು ಉಂಗುರ ಬರುತ್ತದೆ. 30 ಡಿಗ್ರಿಯಲ್ಲಿಟ್ಟು, ಉಂಗುರ ತಟ್ಟೆಯಂಚು ಮುಟ್ಟುವ ಮೊದಲೇ, 6ರಿಂದ 10 ಗಂಟೆಯೊಳಗೆ ಹಲವು ಸಲ ವ್ಯಾಸ ಅಳೆಯಬೇಕು.

ಎಂಟನೇ ಗಂಟೆಯಲ್ಲಿ ತಟ್ಟೆಯನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಚೆನ್ನಾಗಿ ಈಜುವ ಇ. ಕೋಲೈಯ ಒಂದರೊಳಗೊಂದು ಎರಡು ಉಂಗುರ ಕಾಣುತ್ತವೆ. ಹೊರಗಿನದು ಸೆರೀನ್ ತಿನ್ನುತ್ತ ಮುಂದೆ ಸಾಗಿದ ದಂಡು, ಒಳಗಿನದು ಆಸ್ಪಾರ್ಟೇಟ್ ಹಿಂಬಾಲಿಸಿದ್ದು. ಬಾಲವಿಲ್ಲದ ತಳಿ ಚುಚ್ಚಿದ ಜಾಗದಲ್ಲೇ ಅಂಚು ಚೂಪಾದ ಬಿಳಿ ಚುಕ್ಕೆಯಾಗಿ ನಿಂತಿರುತ್ತದೆ. ಚೆ-ವೈ ಇಲ್ಲದ ತಳಿ ಸೂಕ್ಷ್ಮದರ್ಶಕದಲ್ಲಿ ಸೊಗಸಾಗಿ ಈಜುತ್ತದೆ, ತಟ್ಟೆಯಲ್ಲಿ ಮಾತ್ರ ಹರಡುವುದಿಲ್ಲ. ಹೊರಳಲು ಬಾರದ ಕಾರಣ ಅದು ಅಗರಿನ ಸಂದಿಗಳಲ್ಲಿ ಸಿಕ್ಕಿಕೊಂಡು ಹಿಂದೆ ಬರಲಾಗದೆ ಉಳಿಯುತ್ತದೆ. ಆದ್ದರಿಂದ ಪ್ರತಿ ತಟ್ಟೆಯಲ್ಲೂ ಮೂಲ ತಳಿಯ ಜೊತೆಗೆ ಬಾಲವಿಲ್ಲದ್ದು, ಮೋಟ್-ಎ ಇಲ್ಲದ್ದು, ಚೆ-ವೈ ಇಲ್ಲದ್ದು ಇರಲಿ. ಬೆಳವಣಿಗೆಯೇ ನಿಧಾನವಾದ ತಳಿಯ ಉಂಗುರವೂ ಚಿಕ್ಕದೇ, ಅದನ್ನು ಬೇರೆಯಾಗಿ ದ್ರವದಲ್ಲಿ ಬೆಳೆಸಿ ಹೋಲಿಸದೆ ಬಾಲದ ಮೇಲೆ ತಪ್ಪು ಹೊರಿಸಬಾರದು. ಕೋಶಗಳನ್ನು ವೋರ್ಟೆಕ್ಸ್ ಮಾಡಿದರೆ, ಸಪೂರ ಸೂಜಿಯಲ್ಲಿ ಎಳೆದರೆ ಬಾಲ ಮುರಿದೇ ಹೋಗುತ್ತದೆ. ಆಮೇಲೆ ಎಷ್ಟು ನೋಡಿದರೂ ಈಜು ಕಾಣದು.

ರಾತ್ರಿಯಿಡೀ ಬಿಟ್ಟ ತಟ್ಟೆಯಲ್ಲಿ ಇನ್ನೊಂದು ಮೋಸ ಇದೆ. ನಿಂತಿದ್ದ ಚುಕ್ಕೆಯ ಒಂದು ಬದಿಯಿಂದ ಬೀಸಣಿಗೆಯಾಕಾರದ ಎಳೆ ಹೊರಟಿರುತ್ತದೆ. ಅಲ್ಲಿ ಆಗಿರುವುದು ಹೊಸ ಮ್ಯುಟೇಶನ್. ಇ. ಕೋಲೈಯಲ್ಲಿ ಬಹಳ ಸಲ ಸುಮಾರು 770 ಅಕ್ಷರದ ಐಎಸ್1 ಅಥವಾ 1,200 ಅಕ್ಷರದ ಐಎಸ್5 ಎಂಬ ಜಿಗಿಯುವ ಡಿಎನ್‌ಎ ತುಂಡು ಎಫ್‌ಎಲ್‌ಎಚ್-ಡಿಸಿ ಜೀನಿನ ಮುಂದೆ ಬಂದು ಕೂತಿರುತ್ತದೆ. ತಡೆಯುವವರ ಹಿಡಿತ ಸಡಿಲಿ ಮೇಸ್ತ್ರಿ ಸದಾ ಕೆಲಸದಲ್ಲಿ. ಜಗತ್ತಿನಾದ್ಯಂತ ಬಳಸುವ ಇ. ಕೋಲೈಯ ಎಂಜಿ1655 ತಳಿಯ ದಾಸ್ತಾನುಗಳಲ್ಲೇ ಈ ತುಂಡು ಕೆಲವದರಲ್ಲಿದೆ, ಕೆಲವದರಲ್ಲಿಲ್ಲ. 2004ರಲ್ಲಿ ಬಾರ್ಕರ್, ಪ್ರುಸ್ ಮತ್ತು ಮಾತ್ಸುಮುರಾ ಇದನ್ನು ವಿವರವಾಗಿ ತೋರಿಸಿದರು. ಹೆಸರು ಒಂದೇ ಇದ್ದರೂ ಎರಡು ಲ್ಯಾಬಿನ ಈಜಿನ ಫಲಿತಾಂಶ ಹೊಂದದಿರಲು ಇದೊಂದೇ ಸಾಕು. ತಳಿ ತರಿಸಿದ ದಿನವೇ ಆ ಭಾಗವನ್ನು ಪಿಸಿಆರ್ ಮಾಡಿ ಉದ್ದ ನೋಡಿಕೊಳ್ಳುವುದು ಅರ್ಧ ದಿನದ ಕೆಲಸ, ಅದನ್ನು ಬಿಟ್ಟು ಆರು ತಿಂಗಳು ಕಳೆದುಕೊಳ್ಳುವುದು ನಿಜಕ್ಕೂ ದುಃಖದ ಸಂಗತಿ.

ಈಗ ಮತ್ತೆ ಟೈಫಾಯ್ಡ್. ನಮ್ಮ ದೇಹ ಫ್ಲಾಜೆಲಿನ್ ಅನ್ನು ಬಲು ಬೇಗ ಗುರುತಿಸುತ್ತದೆ. ಕೋಶಗಳ ಮೇಲಿರುವ ಟಿಎಲ್‌ಆರ್5 ಎಂಬ ಗ್ರಾಹಕದ ಕೆಲಸವೇ ಅದು ಎಂದು 2001ರಲ್ಲಿ ತಿಳಿದುಬಂತು. ಕರುಳಿನಲ್ಲಿ ಈಜಿ ಗೋಡೆ ತಲುಪಲು ಬಾಲ ಬೇಕು, ಗೋಡೆ ದಾಟಿದ ಮೇಲೆ ಅದೇ ಬಾಲ ಹಿಡಿದುಕೊಡುವ ಸುಳಿವು. ಟೈಫಿ ಇದಕ್ಕೆ ಕಂಡುಕೊಂಡ ಉಪಾಯ ಟಿವಿಐ-ಎ ಎಂಬ ಪ್ರೋಟೀನು. ಕರುಳಿನ ಟೊಳ್ಳಿನಲ್ಲಿ ಲವಣಾಂಶ ಹೆಚ್ಚು, ಆಗ ಟಿವಿಐ-ಎ ಸುಮ್ಮನಿರುತ್ತದೆ, ಬಾಲದ ಜೀನ್‌ಗಳು ನಡೆಯುತ್ತವೆ. ಅಂಗಾಂಶದೊಳಗೆ ಹೊಕ್ಕಾಗ ಲವಣಾಂಶ ಇಳಿಯುತ್ತದೆ. ಟಿವಿಐ-ಎ ಎಚ್ಚೆತ್ತು ಎರಡು ಕೆಲಸ ಮಾಡುತ್ತದೆ: ಮೈಮೇಲೆ ವಿಐ ಎಂಬ ಸಕ್ಕರೆಯ ಹೊದಿಕೆ ಎಳೆದುಕೊಳ್ಳುತ್ತದೆ, ಆರ್‌ಸಿಎಸ್-ಬಿಯ ಜೊತೆಗೂಡಿ ಎಫ್‌ಎಲ್‌ಎಚ್-ಡಿಸಿಯನ್ನು ಅದುಮುತ್ತದೆ. ಹೊಟ್ಟೆನೋವು ಭೇದಿ ತರುವ ಸಾಮಾನ್ಯ ಸಾಲ್ಮೊನೆಲ್ಲಾಗಳಲ್ಲಿ ಈ ಪ್ರೋಟೀನು ಇಲ್ಲ. ಅವು ಕರುಳಿನಲ್ಲೇ ಜೋರಾಗಿ ಉರಿಯೂತ ಎಬ್ಬಿಸುವುದಕ್ಕೂ, ಟೈಫಿ ಮೊದಲ ದಿನಗಳಲ್ಲಿ ಸದ್ದಿಲ್ಲದೆ ಒಳಸೇರುವುದಕ್ಕೂ ಇದು ಒಂದು ಕಾರಣ.

ಹಾಗಾದರೆ ವಿಡಾಲ್‌ನ ಎಚ್ ಸಾಲು ಏನು ಹೇಳುತ್ತದೆ? ಆ ಬಾಲವನ್ನು ದೇಹ ಎಂದೋ ಒಮ್ಮೆ ಕಂಡಿದೆ ಎಂದಷ್ಟೇ. ಹಳೆಯ ಟೈಫಾಯ್ಡ್, ಹಿಂದಿನ ಕಾಲದ ಇಡೀ ಬ್ಯಾಕ್ಟೀರಿಯಾದ ಲಸಿಕೆ, ಹೋಲುವ ಬಾಲದ ಬೇರೆ ಸಾಲ್ಮೊನೆಲ್ಲಾ, ಯಾವುದಿದ್ದರೂ ಅಂಕಿ ಏರಿರಬಹುದು, ಏರಿದ್ದು ಬಹುಕಾಲ ಉಳಿಯಲೂಬಹುದು. ಒಂದೇ ಸಲದ 1:160 ನೋಡಿ ಟೈಫಾಯ್ಡ್ ಎಂದು ಆ್ಯಂಟಿಬಯೋಟಿಕ್ ಶುರುಮಾಡುವುದು ಆಧಾರವಿಲ್ಲದ ಕೆಲಸ. ವಾರದಿಂದ ಹತ್ತು ದಿನದ ಅಂತರದ ಎರಡು ಮಾದರಿಗಳಲ್ಲಿ ನಾಲ್ಕು ಪಟ್ಟು ಏರಿಕೆ ಕಂಡರೆ ಅದಕ್ಕೊಂದು ತೂಕ. ಔಷಧ ಕೊಡುವ ಮುನ್ನ ತೆಗೆದ ರಕ್ತದ ಕಲ್ಚರ್‌ನ ತೂಕ ಇನ್ನೂ ಹೆಚ್ಚು, ಯಾವ ಔಷಧ ನಾಟುತ್ತದೆ ಎಂಬುದನ್ನೂ ಅದೇ ತಿಳಿಸುತ್ತದೆ.

ಕಿಟ್ಟಿನ ಪುಟ್ಟ ಸೀಸೆಯಲ್ಲಿರುವ ಎಚ್ ದ್ರಾವಣ ತಯಾರಾಗುವ ಬಗೆಯನ್ನೂ ಇಲ್ಲಿ ನೆನೆಯಬೇಕು. ಚೆನ್ನಾಗಿ ಈಜುವ ಟೈಫಿ ತಳಿಯನ್ನೇ ಆರಿಸುತ್ತಾರೆ, ಎಚ್901 ಇದಕ್ಕೆ ಹೆಸರಾದದ್ದು. ಮೆತ್ತನೆಯ ಅಗರ್ ತುಂಬಿದ ಕ್ರೇಗಿ ಕೊಳವೆಯ ಒಳನಾಳದಲ್ಲಿ ಚುಚ್ಚಿ, ಕೆಳಗಿನಿಂದ ಸುತ್ತಿ ಹೊರನಾಳದ ಮೇಲ್ಭಾಗಕ್ಕೆ ಈಜಿ ಬಂದವನ್ನು ಮಾತ್ರ ಎತ್ತಿಕೊಂಡು, ಬೆಳೆಸಿ, ಬಾಲ ಕೆಡದಂತೆ ಫಾರ್ಮಲಿನ್‌ನಲ್ಲಿ ಕೊಲ್ಲುತ್ತಾರೆ. ಸೀಸೆಯಲ್ಲಿರುವುದು ಮೇಸ್ತ್ರಿ ಭರದಿಂದ ಕೆಲಸ ಮಾಡುತ್ತಿದ್ದಾಗ ಸತ್ತ ಕೋಶಗಳು. ರೋಗಿಯ ಅಂಗಾಂಶದಲ್ಲಿ ಅದೇ ಹೊತ್ತಿಗೆ ಅಡಗಿರುವವು ವಿಐ ಹೊದ್ದುಕೊಂಡು, ಅಜ್ಜಿಯಿಂದ ಬಂದ ಬಾಲವನ್ನು ತಲೆಮಾರು ತಲೆಮಾರಿಗೆ ಹಂಚಿ ಕಳೆಯುತ್ತಿರುವಂಥವು.